ಯುದ್ಧ ಕಾಣದ ಕೋಟೆಯ ಊರು

ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಢಂ ಎಂದಿತು. ನಾನು ಬೆಚ್ಚಿಬಿದ್ದೆ. ಪಕ್ಕದಲ್ಲಿದ್ದ ಶಾಲಾ ಮಕ್ಕಳು ಕಿಸಕ್ಕನೆ ನಕ್ಕರು. “ದಿನಾ ಹೊಡೀತಾರಪ್ಪ, ಕ್ರಿಸ್‌ಮಸ್ ಒಂದು ಬಿಟ್ಟು” ಎಂದಳು ಮಗಳು. ಓದಲೆಂದು ಇಲ್ಲಿಗೆ ಬಂದು ಎರಡು ವರ್ಷವಾದ ಅವಳಿಗೆ ಆ ಫಿರಂಗಿ ಊಟದ ಗಂಟೆಯಾಗಿಬಿಟ್ಟಿದೆ.

ಊರು ಹ್ಯಾಲಿಫ್ಯಾಕ್ಸ್. ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಶಿಯಾ ಪ್ರಾಂತ್ಯದ ರಾಜಧಾನಿ. ನಾವು ನಿಂತಿದ್ದದ್ದು ಊರ ನಡುವಿನ ಗುಡ್ಡದ ಮೇಲೆ, ನಕ್ಷತ್ರದ ಆಕಾರದ ಸಿಟಡೆಲ್ ಕೋಟೆಯಲ್ಲಿ. ಅದೇ ಜಾಗದಲ್ಲಿ ಎದ್ದ ನಾಲ್ಕನೆಯ ಕೋಟೆ ಇದು. 1828ರಲ್ಲಿ ಶುರುವಾದ ಕೆಲಸ ಮುಗಿದದ್ದು 1856ರಲ್ಲಿ. ಅಮೆರಿಕನ್ನರು ಬಂದಾರು ಎಂಬ ಭಯದಲ್ಲಿ ಕಟ್ಟಿದರು. ಯಾರೂ ಬರಲಿಲ್ಲ. ಈ ಗೋಡೆಗಳ ಮೇಲಿನಿಂದ ಶತ್ರುವಿನತ್ತ ಒಂದು ಗುಂಡೂ ಹಾರಲಿಲ್ಲ.

ಈ ಊರು ಹುಟ್ಟುವುದಕ್ಕೆ ನಮ್ಮ ಕಡೆಯ ಮದ್ರಾಸೂ ಒಂದು ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ಈಗ ಇದೇ ಪ್ರಾಂತ್ಯಕ್ಕೆ ಸೇರಿರುವ ಕೇಪ್ ಬ್ರೆಟನ್ ದ್ವೀಪದಲ್ಲಿ ಲೂಯಿಬರ್ಗ್ ಎಂಬ ಫ್ರೆಂಚರ ಕೋಟೆಯಿತ್ತು. 1745ರಲ್ಲಿ ಅದು ಇಂಗ್ಲಿಷರ ಕೈಗೆ ಬಿತ್ತು. ಮರುವರ್ಷ ಫ್ರೆಂಚರು ಮದ್ರಾಸನ್ನು ಹಿಡಿದರು. 1748ರ ಒಪ್ಪಂದದಲ್ಲಿ ನಿಮ್ಮದು ನಿಮಗೆ, ನಮ್ಮದು ನಮಗೆ ಎಂದಾಯಿತು. ಮದ್ರಾಸು ಇಂಗ್ಲಿಷರಿಗೆ ಮರಳಿತು, ಲೂಯಿಬರ್ಗ್ ಫ್ರೆಂಚರಿಗೆ. ಆಗ ಆ ಕೋಟೆಗೆ ಎದುರಾಗಿ ತಮ್ಮದೊಂದು ನೆಲೆ ಬೇಕೆಂದು ಇಂಗ್ಲಿಷರು 1749ರಲ್ಲಿ ಹ್ಯಾಲಿಫ್ಯಾಕ್ಸ್ ಕಟ್ಟಿದರು.

ಕಟ್ಟಿಸಿದವನು ಎಡ್ವರ್ಡ್ ಕಾರ್ನ್‌ವಾಲಿಸ್. ಈ ಹೆಸರು ಕೇಳಿದೊಡನೆ ಶ್ರೀರಂಗಪಟ್ಟಣ ನೆನಪಾಗುತ್ತದಲ್ಲವೆ? 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಲಾರ್ಡ್ ಕಾರ್ನ್‌ವಾಲಿಸನಿಗೆ ಈತ ಚಿಕ್ಕಪ್ಪ. ಚಿಕ್ಕಪ್ಪನೂ ಕಮ್ಮಿಯೇನಲ್ಲ. ಈ ನೆಲದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರ ನೆತ್ತಿಯ ಚರ್ಮ ಸುಲಿದು ತಂದವರಿಗೆ ಬಹುಮಾನ ಕೊಡುವುದಾಗಿ ಊರು ಕಟ್ಟಿದ ವರ್ಷವೇ ಸಾರಿದ್ದ. 1931ರಲ್ಲಿ ನಿಲ್ಲಿಸಿದ್ದ ಅವನ ಪ್ರತಿಮೆಯನ್ನು ನಗರಸಭೆ 2018ರಲ್ಲಿ ಇಳಿಸಿತು. ಅವನ ನಂತರ, 1755ರಿಂದಾಚೆಗೆ, ತಲೆಮಾರುಗಳಿಂದ ಇಲ್ಲಿ ಬೇಸಾಯ ಮಾಡಿಕೊಂಡಿದ್ದ ಅಕೇಡಿಯನ್ನರೆಂಬ ಫ್ರೆಂಚ್ ರೈತರನ್ನು ಸಾವಿರಗಟ್ಟಲೆ ಹಡಗಿಗೆ ತುಂಬಿ ಗಡೀಪಾರು ಮಾಡಿದರು.

ಅದಿರಲಿ. ಮಗಳು ನನ್ನನ್ನು ಮುಖ್ಯವಾಗಿ ಕರೆದೊಯ್ದದ್ದು ಊರಿನ ಉತ್ತರಕ್ಕೆ, ಫೋರ್ಟ್ ನೀಡಮ್ ಎಂಬ ದಿಬ್ಬಕ್ಕೆ. ಕೆಳಗೆ ಕಡಲು ಹೊಳೆಯಷ್ಟೇ ಅಗಲಕ್ಕೆ ಕಿರಿದಾಗಿದೆ. ಅದಕ್ಕೆ ನ್ಯಾರೋಸ್ ಎಂದೇ ಹೆಸರು. ಅದನ್ನು ದಾಟಿದರೆ ಬೆಡ್‌ಫರ್ಡ್ ಬೇಸಿನ್ ಎಂಬ ವಿಶಾಲ ಕೊಲ್ಲಿ. ಎರಡೂ ಮಹಾಯುದ್ಧಗಳಲ್ಲಿ ಯೂರೋಪಿಗೆ ಹೊರಟ ಹಡಗುಗಳು ಗುಂಪುಗೂಡುತ್ತಿದ್ದದ್ದು ಅಲ್ಲಿ.

1917ರ ಡಿಸೆಂಬರ್ 6ರ ಬೆಳಿಗ್ಗೆ. ಶತ್ರುಗಳ ಜಲಾಂತರ್ಗಾಮಿಗಳು ನುಗ್ಗದಂತೆ ಬಂದರಿನ ಬಾಯಿಗೆ ರಾತ್ರಿ ಬಲೆ ಮುಚ್ಚುತ್ತಿದ್ದರು. ಹಿಂದಿನ ಸಂಜೆ ತಡವಾಗಿ ಬಂದ ಮಾಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗು ಹೊರಗೇ ಉಳಿದಿತ್ತು. ಅದರ ಹೊಟ್ಟೆಯ ತುಂಬ ಪಿಕ್ರಿಕ್ ಆಮ್ಲ, ಟಿ.ಎನ್.ಟಿ., ಗನ್‌ಕಾಟನ್, ಮೇಲಟ್ಟದಲ್ಲಿ ಬೆಂಜಾಲ್ ಪೀಪಾಯಿಗಳು. ಒಳಗಿದ್ದ ನಾರ್ವೆಯ ಇಮೋ, ಬೆಲ್ಜಿಯಮ್ಮಿನ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ತುಂಬಿಕೊಳ್ಳಲು ನ್ಯೂಯಾರ್ಕಿಗೆ ಹೊರಟಿತ್ತು. ಹಿಂದಿನ ದಿನ ಕಲ್ಲಿದ್ದಲು ತಡವಾಗಿ ಬಂದು ಅದಕ್ಕೂ ತಡವಾಗಿತ್ತು, ಅವಸರವಿತ್ತು. ಬರಬಾರದ ಪಕ್ಕದಲ್ಲಿ ಬಂತು. ನ್ಯಾರೋಸಿನಲ್ಲಿ ಎರಡೂ ತಾಗಿದವು. ಕಿಡಿ ಹಾರಿತು, ಬೆಂಜಾಲ್ ಹತ್ತಿಕೊಂಡಿತು.

ಉರಿಯುವ ಹಡಗನ್ನು ನೋಡಲು ಜನ ಸೇರಿದರು. ಅದರೊಳಗೆ ಏನಿದೆಯೆಂದು ಬಹುತೇಕರಿಗೆ ಗೊತ್ತಿರಲಿಲ್ಲ. ಶಾಲೆಗೆ ಹೊರಟ ಮಕ್ಕಳು ದಾರಿಯಲ್ಲೇ ನಿಂತರು. ಮನೆಯಲ್ಲಿದ್ದವರು ಕಿಟಕಿಗೆ ಮುಖವೊತ್ತಿ ನೋಡಿದರು. 9 ಗಂಟೆ 4 ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು ಎರಡು ಸಾವಿರ ಜನ ಸತ್ತರು, ಒಂಬತ್ತು ಸಾವಿರ ಜನ ಗಾಯಗೊಂಡರು. ಅರ್ಧ ಟನ್ ತೂಕದ ಲಂಗರಿನ ತುಂಡು ಮೂರೂವರೆ ಕಿಲೋಮೀಟರಿಗೂ ಆಚೆ ಹೋಗಿ ಬಿತ್ತು. ಎದ್ದ ಅಲೆಗೆ ಆಚೆ ದಡದ ಮಿಕ್‌ಮಾಕರ ಹಟ್ಟಿಯೊಂದು ಹೇಳಹೆಸರಿಲ್ಲದಂತಾಯಿತು. ಕಿಟಕಿಯಲ್ಲಿ ನಿಂತಿದ್ದವರ ಕಣ್ಣಿಗೆ ಗಾಜು ನೆಟ್ಟಿತು. ಕಣ್ಣಿಗೆ ಪೆಟ್ಟಾದವರೇ ಸಾವಿರಾರು. ಮರುದಿನ ಹಿಮಪಾತ ಬೇರೆ.

ಆ ಬೆಳಿಗ್ಗೆ ಹಡಗಿನಲ್ಲಿರುವುದು ಸಿಡಿಮದ್ದು ಎಂದು ತಿಳಿದ ಕೆಲವರಲ್ಲಿ ವಿನ್ಸ್ ಕೋಲ್ಮನ್ ಒಬ್ಬ. ಹತ್ತಿರದ ರೈಲ್ವೆ ಯಾರ್ಡಿನಲ್ಲಿ ಕೆಲಸ. ಓಡಿಹೋಗಲು ಹೊರಟವನಿಗೆ ಪ್ರಯಾಣಿಕರ ರೈಲೊಂದು ಬರುವ ಹೊತ್ತೆಂದು ನೆನಪಾಯಿತು. ವಾಪಸು ಹೋಗಿ ಕುಳಿತು, ರೈಲುಗಳನ್ನು ತಡೆಯಿರಿ ಎಂದು ತಂತಿ ಬಡಿದ. ಇದೇ ತನ್ನ ಕೊನೆಯ ಸಂದೇಶವಿರಬೇಕು ಎಂದೂ ಸೇರಿಸಿದ. ಅದು ನಿಜವಾಯಿತು. ಸುದ್ದಿ ಹೊರಗೆ ಮುಟ್ಟಿದ್ದರಿಂದ ನೆರವಿನ ರೈಲುಗಳು ಬೇಗ ಹೊರಟವು. ಬಂದರಿನ ಪಕ್ಕದ ಮ್ಯೂಸಿಯಮ್ಮಿನಲ್ಲಿ ಅವನ ಗಡಿಯಾರವಿದೆ. ಅದರ ಮುಂದೆ ಮಗಳು ಬಹಳ ಹೊತ್ತು ನಿಂತಿದ್ದಳು. ನಾನೂ ಮಾತಾಡಿಸಲಿಲ್ಲ.

ಕೋಟೆ ದಶಕಗಟ್ಟಲೆ ಕಾದದ್ದು ಶತ್ರುವಿನ ಹಡಗಿಗಾಗಿ. ಊರನ್ನು ಕೆಡವಿದ್ದು ಮಿತ್ರರ ಹಡಗು. 1750ರ ಸೇಂಟ್ ಪಾಲ್ಸ್ ಚರ್ಚಿನ ಗೋಡೆಯಲ್ಲಿ ಅಂದು ಹಾರಿಬಂದು ನೆಟ್ಟ ಕಿಟಕಿ ಚೌಕಟ್ಟಿನ ತುಂಡು ಇನ್ನೂ ಹಾಗೇ ಇದೆ. ಕೀಳದೆ ಬಿಟ್ಟಿದ್ದಾರೆ.

ದೂರದ ಬಾಸ್ಟನ್ ನಗರ ಅಂದೇ ರಾತ್ರಿ ವೈದ್ಯರನ್ನೂ ದಾದಿಯರನ್ನೂ ರೈಲಿನಲ್ಲಿ ಕಳಿಸಿತ್ತು. ಮರುವರ್ಷ ಹ್ಯಾಲಿಫ್ಯಾಕ್ಸಿನವರು ಬಾಸ್ಟನ್ನಿಗೆ ಒಂದು ಕ್ರಿಸ್‌ಮಸ್ ಮರ ಕಳಿಸಿದರು. 1971ರಿಂದ ಅದು ಪ್ರತಿವರ್ಷದ ವಾಡಿಕೆ. ನಮ್ಮ ಅಡಿಕೆ ಮರಕ್ಕಿಂತ ಸಣ್ಣದೇನಲ್ಲ, ಒಂದು ಲಾರಿಗೆ ಒಂದೇ ಮರ, ಎಂದಳು ಮಗಳು. ಮರ ಕಡಿಯುವುದನ್ನು ನೋಡಲು ಶಾಲಾ ಮಕ್ಕಳೂ ಹೋಗುತ್ತಾರಂತೆ.