ಗುರುವಿಲ್ಲದ ಗಣಿತಕ್ಕೆ ಗ್ರಂಥದ ಆಯ್ಕೆ

ಗುರುಮುಖದಿಂದ ಕಲಿಯುವವರಿಗೆ ಗ್ರಂಥವು ಊರುಗೋಲು. ಸ್ವಾಧ್ಯಾಯಿಗೆ ಅದೇ ಗುರು. ಅವರ ಆಯ್ಕೆ ತಪ್ಪಿದರೆ ನಷ್ಟವಾಗುವುದು ಹಣವಷ್ಟೇ ಅಲ್ಲ, ವರ್ಷಗಳು. ಮಾತೃಕೆಗಳ ಕಲನಶಾಸ್ತ್ರದಲ್ಲಿ ಈ ಅಪಾಯ ಹೆಚ್ಚು. ತರಗತಿಗಳಲ್ಲಿ ಮಾತೃಕೆಯನ್ನು ಒಂದೆಡೆ, ಅವಕಲನವನ್ನು ಇನ್ನೊಂದೆಡೆ ಬೋಧಿಸುವುದು ವಾಡಿಕೆ; ಎರಡೂ ಕೂಡುವ ಸಂಗಮವನ್ನು ಸಂಖ್ಯಾಶಾಸ್ತ್ರ, ಅರ್ಥಮಿತಿಗಳ ವಿದ್ಯಾರ್ಥಿ ಬಹುಮಟ್ಟಿಗೆ ತಾನೇ ಅರಸಿಕೊಳ್ಳಬೇಕು.

ಅರ್ಥಶಾಸ್ತ್ರದ ಅಧ್ಯಾಪಕಿಯೊಬ್ಬರು ನಲವತ್ತು ದಾಟಿದ ಮೇಲೆ ಈ ದಾರಿ ಹಿಡಿದರು. ಪಿಎಚ್.ಡಿ. ಪ್ರಬಂಧಕ್ಕೆ ಬೇಕಾದ ಸೂತ್ರಗಳನ್ನು ನಂಬಿ ಬಳಸಲು ಅವರಿಗೆ ಬರುತ್ತಿತ್ತು, ಸಮರ್ಥಿಸಲು ಬರುತ್ತಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ‘ಇದು ಹೇಗೆ ಬಂತು?’ ಎಂದು ಕೇಳಿದರೆ ಉತ್ತರವಿರಲಿಲ್ಲ.

ಮೊದಲು ಕೈಗೆ ಬಂದುದು ಪೀಟರ್‌ಸನ್ ಮತ್ತು ಪೆಡರ್‌ಸನ್ ಸಂಕಲಿಸಿದ ‘ದ ಮ್ಯಾಟ್ರಿಕ್ಸ್ ಕುಕ್‌ಬುಕ್’. ಅದು ಸೂತ್ರಗಳ ಕಣಜ. ಉಪಪತ್ತಿಗಳನ್ನು ಅಲ್ಲಿ ಅರಸಬಾರದು. ವೃತ್ತಿಯಿಲ್ಲದ ಸೂತ್ರಪಾಠದಂತೆ ಬಲ್ಲವರಿಗೆ ನೆನಪಿನ ನೆರವು, ಅರಿಯದವರಿಗೆ ಒಗಟು. ಸಾವಿರಾರು ಪ್ರಮೇಯಗಳನ್ನು ಬಹುತೇಕ ಸಾಧನೆಯಿಲ್ಲದೆ ಪಟ್ಟಿಮಾಡಿದ ಕಾರ್‌ನ ಗ್ರಂಥವನ್ನು ಹಿಡಿದೇ ರಾಮಾನುಜನ್ ಬೆಳೆದರೆಂಬುದು ನಿಜ. ಆದರೆ ಆ ನಿದರ್ಶನ ಓದುಗನ ಪ್ರತಿಭೆಯನ್ನು ಹೇಳುತ್ತದೆಯೇ ಹೊರತು ಗ್ರಂಥದ ಬೋಧನಗುಣವನ್ನಲ್ಲ.

ಎರಡನೆಯದು ಹಾರ್ನ್ ಮತ್ತು ಜಾನ್ಸನ್ನರ ‘ಮ್ಯಾಟ್ರಿಕ್ಸ್ ಅನಾಲಿಸಿಸ್’ (1985). ಮೇರುಕೃತಿಯೇ ಸರಿ, ಆದರೆ ಅದರ ಜೀವಾಳ ಐಗನ್ ಮೌಲ್ಯಗಳು, ಮಾನಗಳು, ಅಸಮಾನತೆಗಳು. ಶೀರ್ಷಿಕೆಯ ಸಾಮ್ಯವು ವಿಷಯದ ಸಾಮ್ಯವಲ್ಲ.

ಮೂರನೆಯದು ಮ್ಯಾಗ್ನಸ್ ಮತ್ತು ನ್ಯೂಡೆಕರ್ 1988ರಲ್ಲಿ ಪ್ರಕಟಿಸಿದ, ಮಾತೃಕೆಗಳ ಅವಕಲನವನ್ನೇ ಕುರಿತ ಗ್ರಂಥ. ಅಧ್ಯಾಪಕಿ ಅದನ್ನು ಒಂದೇ ಉದಾಹರಣೆಯಿಂದ ಒರೆಗೆ ಹಚ್ಚಿದರು: ಸದಿಶ ಎಕ್ಸ್, ಮಾತೃಕೆ ಎ ಇವುಗಳಿಂದಾದ ವರ್ಗರೂಪದ ಅವಕಲನ. ಕುಕ್‌ಬುಕ್ಕಿನಲ್ಲಿ ಉತ್ತರ ಕಂಬಸಾಲಾಗಿ ನಿಂತಿತ್ತು, ಇಲ್ಲಿ ಅಡ್ಡಸಾಲಾಗಿ. ಯಾವುದೂ ತಪ್ಪಲ್ಲ, ಸಂಕೇತಪದ್ಧತಿ ಬೇರೆ. ಎರಡರಿಂದಲೂ ಸೂತ್ರಗಳನ್ನೆತ್ತಿ ಬೆರೆಸಿದ ಕಡೆ ಅವರ ಹಳೆಯ ಲೆಕ್ಕಗಳು ಮುರಿದುಬಿದ್ದಿದ್ದವು. ಈ ಗ್ರಂಥವು ಫಲಿತಾಂಶದ ಜೊತೆಗೆ ಮಾರ್ಗವನ್ನೂ ಕೊಟ್ಟಿತು: ಮೊದಲು ಅತ್ಯಲ್ಪ ಬದಲಾವಣೆಯನ್ನು ಬರೆ, ಬಳಿಕ ಅದರ ಗುಣಕವನ್ನು ಗುರುತಿಸು. ಹಾಗೆ ಮಾಡಿದಾಗ ಎ ಮತ್ತು ಅದರ ಪರಿವರ್ತ ಮಾತೃಕೆಯ ಮೊತ್ತ ತಾನಾಗಿ ಮೂಡಿತು. ಎ ಸಮ್ಮಿತವಾಗಿದ್ದರೆ ಮಾತ್ರ ಅದು ಎರಡು ಎ ಆಗುತ್ತದೆಂಬುದೂ ತಿಳಿಯಿತು.

ಗ್ರಂಥ ಸುಲಭವಾಗಿರಲಿಲ್ಲ. ಅದರ ಮೊದಲ ಭಾಗವಾದ ಮಾತೃಕೆಗಳ ಪರಿಚಯದಲ್ಲೇ ತಿಂಗಳುಗಳು ಕಳೆದವು. ಆದರೂ ಎಡವಿದಲ್ಲಿ ಎಡವಿದ್ದೇಕೆಂದು ತೋರಿಸುವ ಗುಣ ಅದಕ್ಕಿತ್ತು. ಸ್ವಾಧ್ಯಾಯಿ ನೋಡಬೇಕಾದ ಲಕ್ಷಣವೂ ಇದೇ: ಬೇಕಾದ ಉತ್ತರ ಗ್ರಂಥದಲ್ಲಿದೆಯೇ ಎಂಬುದಲ್ಲ, ಗ್ರಂಥವನ್ನು ಮುಚ್ಚಿಟ್ಟು ಆ ಉತ್ತರವನ್ನು ಮತ್ತೆ ಕಟ್ಟಬಲ್ಲೆವೇ ಎಂಬುದು. ಪ್ರಬಂಧದ ಅನುಬಂಧದಲ್ಲಿ ಅಧ್ಯಾಪಕಿ ಸೂತ್ರವನ್ನು ಉಲ್ಲೇಖಿಸಿ ಸುಮ್ಮನಾಗಲಿಲ್ಲ. ಅದರ ಉಪಪತ್ತಿಯನ್ನು ತಾವೇ ಬರೆದರು.