ಜೀಪಿನ ಚಕ್ರವೂ ನನ್ನ ಮೇಷ್ಟ್ರಗಿರಿಯೂ

ಪ್ರತಿವರ್ಷದಂತೆ ಈ ಬಾರಿಯೂ ಮಳೆಗಾಲಕ್ಕೆ ಮುನ್ನ ಅಣ್ಣನ ಮನೆಯ ಅಂಗಳದಲ್ಲಿ ಹಳೆಯ ಜೀಪಿನ ಮುಂದಿನ ಚಕ್ರಗಳನ್ನು ಬಿಚ್ಚಿ, ತೊಳೆದು, ಗ್ರೀಸ್ ತುಂಬುವ ಕಾರ್ಯ ನಡೆಯಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೌನವಾಗಿ ಕುಳಿತಿದ್ದ ನನ್ನನ್ನು ನೋಡಿ, “ಏನು ಚಿಕ್ಕಪ್ಪ, ಈಗೀಗ ಸಲಹೆಯನ್ನೇ ಕೊಡುವುದಿಲ್ಲವಲ್ಲ!” ಎಂದು ಅಣ್ಣನ ಮಗ ನಕ್ಕ. ಕಾರಣ ಅವನಿಗೂ ಗೊತ್ತು. ನಿಮಗೂ ಗೊತ್ತಿರಲಿ ಎಂದು ಇಂದು ಬರೆಯುತ್ತಿದ್ದೇನೆ.

ನಮ್ಮ ಬಂಧುಗಳಲ್ಲಿ ಆ ಜೀಪನ್ನು ಹತ್ತದವರಿಲ್ಲ. ಅದು 1968ರ ಮಹೀಂದ್ರ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ. ಎತ್ತರದ ಬಾನೆಟ್ಟಿನಿಂದಲೇ ಅದನ್ನು ಗುರುತಿಸಬಹುದು. ಮೂಡಿಗೆರೆ ಸೀಮೆಯ ತೋಟಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಇಂಥ ಜೀಪುಗಳೇ ಹೊತ್ತಿವೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಹಳ್ಳವೊಂದನ್ನು ದಾಟಲೇಬೇಕು. ಮಳೆಗಾಲವಿಡೀ ಚಕ್ರದ ಗುಂಬ ನೀರಿನಲ್ಲಿ ಮುಳುಗಿ ಏಳುತ್ತದೆ. ಗುಂಬದ ಒಳಬದಿಯಲ್ಲಿ ನೀರನ್ನು ತಡೆಯುವ ಸೀಲು ಸವೆದರೆ ನೀರು ಒಳನುಗ್ಗಿ ಗ್ರೀಸ್ ಹಾಲಿನಂತೆ ಬಿಳುಪಾಗುತ್ತದೆ; ಬೇರಿಂಗ್ ತುಕ್ಕು ಹಿಡಿಯುತ್ತದೆ.

2011ರ ಅಕ್ಟೋಬರಿನಲ್ಲಿ ಆದದ್ದೂ ಅದೇ. ಚಕ್ರಗಳು ಗುರುಗುಟ್ಟುತ್ತಿದ್ದವು, ಸ್ಟೀರಿಂಗ್ ನಡುಗುತ್ತಿತ್ತು. ಮರುದಿನ ಮಕ್ಕಳುಮರಿಗಳೊಡನೆ ಧರ್ಮಸ್ಥಳಕ್ಕೆ ಹೊರಡುವುದಿತ್ತು. ಮೂಡಿಗೆರೆಯಿಂದ ಮೆಕ್ಯಾನಿಕ್ ಬಂದ. ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ನಿವೃತ್ತನಾದ ವಿಜ್ಞಾನದ ಮೇಷ್ಟ್ರು ನಾನು. ಕುರ್ಚಿ ಹಾಕಿಕೊಂಡು ಕುಳಿತೆ.

ಅವನ ಕೆಲಸವನ್ನು ನೋಡುವುದೇ ಒಂದು ಪಾಠ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಅಚ್ಚಿನ ಕೆಳಗೆ ಮರದ ದಿಮ್ಮಿ ಇಟ್ಟ. ಚಕ್ರ ತೆಗೆದು, ಫ್ಲಾಂಜಿನ ಬೋಲ್ಟುಗಳನ್ನು ಕಳಚಿ, ನಟ್ಟಿನ ಮೇಲೆ ಮಡಚಿದ್ದ ವಾಷರನ್ನು ನೇರ ಮಾಡಿ, ಎರಡು ದೊಡ್ಡ ನಟ್ಟುಗಳನ್ನು ಬಿಚ್ಚಿದ. ಡ್ರಮ್ಮಿನೊಡನೆ ಗುಂಬ ಹೊರಬಂತು. ಒಳಗಿನ ಬೇರಿಂಗು ಸೀಲಿನ ಹಿಂದೆ ಅಡಗಿರುತ್ತದೆ. ಸೀಲನ್ನು ಮೀಟಿ ತೆಗೆದು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ರೋಲರುಗಳ ಮೇಲೆ ಸಿಡುಬಿನ ಕಲೆಯಂತಹ ಗುಳಿಗಳು! ಗುಂಬದೊಳಗೆ ಕೂತಿದ್ದ ಹಳೆಯ ಬಳೆಗಳನ್ನೂ ಹಿತ್ತಾಳೆಯ ಸರಳಿನಿಂದ ಬಡಿದು ತೆಗೆದ. ಹೊಸ ರೋಲರಿಗೆ ಹಳೆಯ ಬಳೆ ಜೋಡಿಯಾಗದಂತೆ. ಹೊಸ ಬಳೆಯನ್ನು ಸುತ್ತಲೂ ಸಮನಾಗಿ ತಟ್ಟುತ್ತಾ ಹೋದ. ತಳ ಮುಟ್ಟಿದೊಡನೆ ಸದ್ದು ಬದಲಾಗುತ್ತದೆ. ಅದನ್ನು ಕಿವಿಯೇ ಹೇಳಬೇಕು. ಬಳಿಕ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಅಂಚಿನಿಂದ ಒತ್ತಿ ಒತ್ತಿ, ಕಿರಿದಾದ ಕಡೆಯಿಂದ ಹೊರಚಿಮ್ಮುವವರೆಗೆ ತುಂಬಿದ. ಹೊಸ ಸೀಲಿನ ತುಟಿ ಗ್ರೀಸ್ ಇರುವ ಒಳಮುಖಕ್ಕೇ ಇರಬೇಕೆಂದು ತೋರಿಸಿದ.

ನಾನು ಸುಮ್ಮನಿರಲಿಲ್ಲ. ಉರುಳುವ ಘರ್ಷಣೆ ಜಾರುವ ಘರ್ಷಣೆಗಿಂತ ಕಡಿಮೆ ಎಂದೆ. ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಕೀಲೆಣ್ಣೆ ಹಾಕುತ್ತಿದ್ದುದನ್ನು ನೆನಪಿಸಿದೆ. ಇಂಥ ಶಂಕುವಿನಾಕಾರದ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಕೂಡ ಕುದುರೆಗಾಡಿಗಳನ್ನು ಮಾಡುತ್ತಿದ್ದವನೇ ಎಂದೆ. ಗಾಡಿಯ ಭಾರವನ್ನೂ, ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತಡವನ್ನೂ ಒಂದೇ ಬೇರಿಂಗು ತಾಳಿಕೊಳ್ಳುವುದು ಆ ಆಕಾರದಿಂದ. ಅವನು “ಹೌದು ಸಾರ್” ಎನ್ನುತ್ತಾ ಕೆಲಸ ಮಾಡುತ್ತಿದ್ದ.

ಬಲಗಡೆಯ ಚಕ್ರವನ್ನು ಅವನು ಮುಗಿಸುವಾಗ ನಾನು ಕಾಫಿಗೆ ಒಳಗೆ ಹೋಗಿದ್ದೆ. ಎಡಗಡೆಯದಕ್ಕೆ ಮರಳಿ ಬಂದೆ. ಚಕ್ರವನ್ನು ತಿರುಗಿಸುತ್ತಲೇ ಅದು ಬಿಗಿಯುವವರೆಗೆ ಒಳಗಿನ ನಟ್ಟನ್ನು ತಿರುವಿ, ಅನಂತರ ಸುಮಾರು ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಹಿಂದಕ್ಕೆ ಸಡಿಲಿಸಿದ. ನಾನು ಎದ್ದು ಹೋಗಿ ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಿಸಿದೆ. ಎಲ್ಲೋ ಕೂದಲೆಳೆಯಷ್ಟು ಸಡಿಲವಿದ್ದಂತೆ ನನ್ನ ಕೈಗೆ ಭಾಸವಾಯಿತು.

“ಬಿಗಿ ಮಾಡು. ಘಾಟಿ ಇಳಿಯುವ ಗಾಡಿ.”

“ಸ್ವಲ್ಪ ಬಿಡಬೇಕು ಸಾರ್, ಬಿಸಿಯಾದರೆ...”

“ಹೇಳಿದಷ್ಟು ಮಾಡು!”

ಅದು ನನ್ನ ತರಗತಿಯ ದನಿ. ಅವನು ತಲೆ ತಗ್ಗಿಸಿ ನಟ್ಟನ್ನು ಬಿಗಿಮಾಡಿದ. ವಾಷರಿನ ಅಂಚನ್ನು ಮಡಚಿ, ಕೈ ಒರೆಸಿಕೊಂಡು ಹೊರಟುಹೋದ.

ಮರುದಿನ ಏಳು ಮಂದಿ ಹೊರಟೆವು. 25 ಕಿಲೋಮೀಟರ್ ದಾಟಿ ಕೊಟ್ಟಿಗೆಹಾರ ತಲುಪಿದಾಗ ಮಕ್ಕಳು ನೀರುದೋಸೆಗಾಗಿ ಹಟ ಹಿಡಿದರು. ಆ ಹಟವೇ ನಮ್ಮನ್ನು ಕಾಯಿತು. ಜೀಪಿನಿಂದ ಇಳಿಯುತ್ತಿದ್ದಂತೆ ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಅಡರಿತು. ಎಡ ಮುಂಚಕ್ರದ ಗುಂಬ ಮುಟ್ಟಲಾಗದಷ್ಟು ಕಾದಿತ್ತು. ಬಲಗಡೆಯದನ್ನು ಮುಟ್ಟಿ ನೋಡಿದೆ: ಬರೀ ಬೆಚ್ಚಗಿತ್ತು. ಒಂದೇ ದಿನ, ಒಂದೇ ಕೈ ಜೋಡಿಸಿದ ಎರಡು ಚಕ್ರಗಳು, ವ್ಯತ್ಯಾಸ ನಾನೊಬ್ಬನೇ! ಮೂವತ್ತು ವರ್ಷ ಪ್ರಯೋಗ ಮಾಡಿಸಿದವನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಬೇಕೆ? ಮುಂದೆ ಇದ್ದದ್ದು ಚಾರ್ಮಾಡಿ ಘಾಟಿಯ ತಿರುವುಗಳು. ಅಲ್ಲಿ ಚಕ್ರ ಹಿಡಿದುಕೊಂಡಿದ್ದರೆ ಎಂಬುದನ್ನು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಫೋನು ಮಾಡಿದೊಡನೆ ಅವನು ಹೊಸ ಬೇರಿಂಗು, ಸೀಲು, ಬಾಕ್ಸ್ ಸ್ಪ್ಯಾನರುಗಳೊಡನೆ ಬಸ್ಸಿನಲ್ಲಿ ಬಂದ. ರಸ್ತೆಬದಿಯಲ್ಲಿಯೇ ಬಿಚ್ಚಿದ. ಗ್ರೀಸ್ ಕರಗಿ ಕಪ್ಪಾಗಿತ್ತು, ರೋಲರುಗಳು ನೀಲಿಗಟ್ಟಿದ್ದವು. ನಟ್ಟನ್ನು ಅತಿಯಾಗಿ ಬಿಗಿದರೆ ರೋಲರುಗಳು ಬಳೆಯೊಳಗೆ ಹಿಂಡಲ್ಪಡುತ್ತವೆ. ಘರ್ಷಣೆಯಿಂದ ಕಾವು, ಕಾವಿನಿಂದ ಗ್ರೀಸ್ ತೆಳುವಾಗಿ ಹರಿದುಹೋಗಿ ಮತ್ತಷ್ಟು ಘರ್ಷಣೆ. ಇದು ನನಗೆ ತಿಳಿಯದ ವಿಜ್ಞಾನವೇನಲ್ಲ. ಕೈಗೆ ಮಾತ್ರ ತಿಳಿದಿರಲಿಲ್ಲ. ಈ ಬಾರಿ ನಟ್ಟನ್ನು ಹಿಂದಕ್ಕೆ ಬಿಟ್ಟ ಮೇಲೆ ನನ್ನ ಕೈಯನ್ನು ತಾನೇ ಹಿಡಿದು ಚಕ್ರದ ಮೇಲಿಟ್ಟು, “ನೋಡಿ ಸಾರ್, ಸರಾಗವಾಗಿ ತಿರುಗಬೇಕು, ಆದರೆ ಒಲಾಡಬಾರದು” ಎಂದ.

“ನಿನಗೆ ಗೊತ್ತಿತ್ತಲ್ಲ, ನಿನ್ನೆ ಯಾಕಪ್ಪ ಒಪ್ಪಿಕೊಂಡೆ?” ಎಂದು ಕೇಳಿದೆ.

“ನಿಮ್ಮೆದುರು ಮಾತಾಡಿ ಅಭ್ಯಾಸವಿಲ್ಲ ಸಾರ್” ಎಂದ. ಅದರಲ್ಲಿ ದೂರಿನ ಸುಳಿವೂ ಇರಲಿಲ್ಲ.

ಆ ಅಭ್ಯಾಸವನ್ನು ಮಾಡಿಸಿದವನು ನಾನೇ. ಮಕ್ಕಳು ಕುಳಿತಿದ್ದ ಗಾಡಿಯ ವಿಷಯದಲ್ಲಿಯೂ ಬಾಯಿ ಬಿಡಲಾರದಷ್ಟು ಚೆನ್ನಾಗಿ ಮಾಡಿಸಿದ್ದೆ. ಅಂದು ರಸ್ತೆಬದಿಯಲ್ಲಿ ಅವನಲ್ಲಿ ಕ್ಷಮೆ ಕೇಳಿದೆ. ಅವನು ಗಲಿಬಿಲಿಗೊಂಡು, “ದೋಸೆ ತಿಂದಾಯ್ತಾ ಸಾರ್?” ಎಂದ.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಸರಿಯುತ್ತರ ತಿಳಿದಿದ್ದೂ ನನ್ನ ದನಿಗೆ ಅಂಜಿ ಕುಳಿತುಬಿಟ್ಟಿದ್ದರೆ, ಅದು ನಿಮ್ಮ ತಪ್ಪಲ್ಲ. ಮುಂದೆ ಭೇಟಿಯಾದಾಗ ದಯವಿಟ್ಟು ಹೇಳಿ. ತಡವಾಗಿಯಾದರೂ ಅಂಕ ಕೊಡುತ್ತೇನೆ.