ಪೊಳಲಿ: ಹಾರುವ ಮೊದಲು ಇಳಿಯುವ ಪಾಠ

ಮಂಗಳೂರಿನಿಂದ ಮೂಡುಬಿದಿರೆಯ ದಾರಿ ಹಿಡಿದು, ಗುರುಪುರ ಕೈಕಂಬದಲ್ಲಿ ಬಲಕ್ಕೆ ಹೊರಳಿದರೆ ಪೊಳಲಿ. ಫಲ್ಗುಣಿ ನದಿಯ ತೀರ, ತೆಂಗು-ಕಂಗಿನ ತೋಟಗಳು, ನಡುವೆ ಶ್ರೀ ರಾಜರಾಜೇಶ್ವರಿಯ ದೇವಸ್ಥಾನ. ದೇವಿಯ ಬೃಹತ್ ವಿಗ್ರಹ ಕಲ್ಲಿನದಲ್ಲ, ಮಣ್ಣಿನದು. ಮಾರ್ಚ್-ಏಪ್ರಿಲ್ ಹೊತ್ತಿಗೆ ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಯಲ್ಲಿ 5 ದಿನ 'ಪೊಳಲಿ ಚೆಂಡು'. ದೊಡ್ಡ ಚರ್ಮದ ಚೆಂಡಿನ ಹಿಂದೆ ಊರೇ ಗದ್ದೆಗಿಳಿಯುತ್ತದೆ. ಬಿದ್ದವರನ್ನು ಕಾಯುವುದು ಆ ಗದ್ದೆಯ ಮಣ್ಣೇ.

ಈ ಸೀಮೆಯ ಇನ್ನೊಂದು ಆಟವೂ ಕೊಯ್ಲಾದ ಗದ್ದೆಯಲ್ಲೇ ಬೆಳೆದದ್ದು. ಬಯಲಾಟ ಎಂದೇ ಅದರ ಹೆಸರು. ಪೊಳಲಿಯ ಹೆಸರು ಹೊತ್ತ ಯಕ್ಷಗಾನ ಮೇಳವೂ ತಿರುಗಾಟ ಮಾಡಿದೆ. ಬಂಟ್ವಾಳ, ಮೂಡುಬಿದಿರೆಯ ಕಡೆಯ ಶಾಲೆಗಳ ಮಕ್ಕಳು ಇಂದು ತೆಂಕುತಿಟ್ಟಿನ ಹೆಜ್ಜೆ ಕಲಿಯುತ್ತಾರೆ. ಮೊಬೈಲ್ ನೋಡಿ ಹಿಪ್ ಹಾಪ್ ಕುಣಿಯುವವರೂ ಅವರೇ.

ಎರಡೂ ಎಲ್ಲಿಂದೆಲ್ಲಿಗೆ ಎನಿಸಬಹುದು. ಹಿಪ್ ಹಾಪ್ ಹುಟ್ಟಿದ್ದು 1973ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ. ಅದರ 'ಬ್ರೇಕಿಂಗ್' ಕುಣಿತ 2024ರ ಪ್ಯಾರಿಸ್ ಒಲಿಂಪಿಕ್ಸ್ ತನಕ ಹೋಯಿತು. ಆದರೆ ಮೊದಲ ಪಾಠ ಎರಡಕ್ಕೂ ಒಂದೇ: ಮೊಣಕಾಲು ಮಡಿಸಿ ತಾಳಕ್ಕೆ ನಿಲ್ಲುವುದು. ಹಿಪ್ ಹಾಪಿನಲ್ಲಿ ಎಂಟರ ಎಣಿಕೆಗೆ ಮೈ ಕುಲುಕಿಸುತ್ತಾರೆ. ಯಕ್ಷಗಾನದಲ್ಲಿ ಏಕತಾಳದ 4, ತ್ರಿವುಡೆಯ 7 ಅಕ್ಷರಗಳನ್ನು ಕೈಯಲ್ಲಿ ತಟ್ಟುತ್ತಾ ಕಾಲಿಗೆ ಇಳಿಸುತ್ತಾರೆ.

ಮಕ್ಕಳಿಗೆ ಈ ಪಾಠ ಬೇಸರ. ಅವರ ಕಣ್ಣಿರುವುದು ದೀಂಗಿಣದ ಮೇಲೆ, ಹಾರಿ ಗಿರ್ರನೆ ಸುತ್ತುವುದರ ಮೇಲೆ. ಹೆತ್ತವರಿಗೂ ಅವಸರ, ಶಾಲಾ ವಾರ್ಷಿಕೋತ್ಸವಕ್ಕೆ ಮಗು ಹಾರಲೇಬೇಕು. ರಂಗಸ್ಥಳವಾದರೋ ಈಗ ಹೆಚ್ಚಾಗಿ ಸಿಮೆಂಟಿನದು.

ಇಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರ ನೆನಪಿಗೆ ಬರಬೇಕು. ದೇಹ 30 ಸೆಂ.ಮೀ. ಎತ್ತರದಿಂದ ಇಳಿದು, ನೆಲ ಮುಟ್ಟಿದ ಮೇಲೆ 5 ಸೆಂ.ಮೀ.ಯೊಳಗೆ ನಿಂತಿತೆನ್ನಿ. ಕಾಲಿನ ಮೇಲೆ ಬೀಳುವ ಸರಾಸರಿ ಬಲ ದೇಹತೂಕದ 7 ಪಟ್ಟು. ಮೊಣಕಾಲು ಮಡಿಸಿ 30 ಸೆಂ.ಮೀ. ತಗ್ಗುತ್ತಾ ನಿಂತರೆ ಅದು ಬರೇ 2 ಪಟ್ಟು. ಗದ್ದೆಯ ಮಣ್ಣು ತಾನೂ ಸ್ವಲ್ಪ ತಗ್ಗಿ ಈ ಕೆಲಸದಲ್ಲಿ ಪಾಲು ಕೊಡುತ್ತದೆ. ಸಿಮೆಂಟು ಕೊಡುವುದಿಲ್ಲ, ಅಲ್ಲಿ ಮೊಣಕಾಲೇ ಮಣ್ಣಾಗಬೇಕು. ಸುತ್ತುವಾಗ ಕೈಗಳನ್ನು ಎದೆಗೆಳೆದುಕೊಂಡರೆ ವೇಗ ಹೆಚ್ಚುತ್ತದೆ, ಚಾಚಿದರೆ ತಗ್ಗುತ್ತದೆ. ನಿಲ್ಲಲು ತಿಳಿಯದವನಿಗೆ ವೇಗವೇ ಶತ್ರು.

ಆದ್ದರಿಂದ ಮಗು ತಿಂಗಳುಗಟ್ಟಲೆ ಒಂದೇ ಹೆಜ್ಜೆ ತುಳಿಯುತ್ತಿದ್ದರೆ ಹೆತ್ತವರು ಗುರುಗಳ ಮೇಲೆ ಮುನಿಯಬೇಕಾಗಿಲ್ಲ. ಅದು ಪಾಠ ನಿಂತದ್ದಲ್ಲ, ಕಾಲು ಗಟ್ಟಿಯಾಗುತ್ತಿರುವುದು. ಹಿಪ್ ಹಾಪ್ ಕಲಿಯುವ ಮಗುವಿಗೂ ಇದೇ ಮಾತು. ನೋವೆಂದು ಮಗು ಹೇಳಿದ ದಿನ ಕುಣಿತ ನಿಲ್ಲಿಸಿ, ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸುವುದು ಲೇಸು.

ಪೊಳಲಿಗೆ ಹೋದವರು ದೇವಿಯ ದರ್ಶನ ಮುಗಿಸಿ ಮಕ್ಕಳನ್ನು ಚೆಂಡಿನ ಗದ್ದೆಗೂ ಕರೆದೊಯ್ಯಲಿ. ಚಪ್ಪಲಿ ಬಿಚ್ಚಿಸಿ, ಆ ಮಣ್ಣಿನ ಮೇಲೊಮ್ಮೆ ಹಾರಲು ಬಿಡಲಿ. ಇಳಿಯುವುದು ಎಂದರೇನೆಂದು ಕಾಲಿಗೇ ತಿಳಿಯುತ್ತದೆ.